ಟೋಕಿಯೋಗೆ ಕನ್ನಡ ಬಾರದೇ?

ಗುಬ್ಬಿ, ಕುಣಿಗಲ್ಲಿನ ಹುಡುಗರೂ ನಿದ್ದೆಗೆಟ್ಟು ನೋಡಿದ ಸ್ಪೇನಿನ ಧಾರಾವಾಹಿ 'ಮನಿ ಹೈಸ್ಟ್'. 2021ರಲ್ಲಿ ಅದರ 'ಟೋಕಿಯೋ' ಉರ್ಸುಲಾ ಕೊರ್ಬೆರೊ ಹಿಂದಿ, ತಮಿಳು, ತೆಲುಗು ಮಾತಾಡಿದಳು. ಕನ್ನಡ ಮಾತ್ರ ಆಡಲಿಲ್ಲ! ಪೊಲೀಸ್ ಅಧಿಕಾರಿಣಿಯಾದ ಇಟ್ಸಿಯಾರ್ ಇಟುನ್ಯೊ ಬಾಸ್ಕ್ ನಾಡಿನಾಕೆ. ಬಾಸ್ಕ್ ಭಾಷೆಯ 'ಗೋಯೆನ್‌ಕಾಲೆ'ಯಲ್ಲಿ ವರ್ಷಗಟ್ಟಲೆ ನಟಿಸಿದಾಕೆ. ಆ ಭಾಷೆ ಆಡುವವರು ಹತ್ತು ಲಕ್ಷವೂ ಇಲ್ಲ, ಆದರೂ ಸ್ವಂತ ಟಿ.ವಿ. ಇದೆ. ನಾವೋ, 2011ರ ಜನಗಣತಿಯಲ್ಲೇ 4.37 ಕೋಟಿ.

ಕಂಪನಿಯನ್ನಷ್ಟೇ ಬೈದು ಫಲವಿಲ್ಲ. ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಬಾಗಿಲು ಜಡಿದವರು ನಮ್ಮವರೇ. 2015ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಬೇಕಾಯಿತು. 1931ರಲ್ಲೇ ಬೆಲ್ಜಿಯಂ ನಿರ್ದೇಶಕನಿಂದ ಮೂಕಿಚಿತ್ರ ಮಾಡಿಸಿದ ನಮ್ಮ ಗುಬ್ಬಿ ವೀರಣ್ಣನವರಿಗೆ ಈ ಹೆದರಿಕೆ ಇರಲಿಲ್ಲ. ಚಂದಾ ಕಟ್ಟುವವರೇ, ಈ ವಾರವೇ ಬರೆಯಿರಿ: ಕನ್ನಡ ಕೊಡಿ, ಇಲ್ಲವೇ ಚಂದಾ ನಿಲ್ಲಿಸುತ್ತೇವೆ.