ಕಂಚಿನ ಕುದುರೆ, ಪಾಳೆಯಗಾರರ ಸೀಮೆ

ಆಳುವವನನ್ನು ಕುದುರೆಯ ಮೇಲೆ ಕೂರಿಸಿ, ಆ ರೂಪವನ್ನು ಕಂಚಿನಲ್ಲಿ ಎರಕ ಹೊಯ್ದು ಊರಿನ ಬಯಲಲ್ಲಿ ನಿಲ್ಲಿಸುವ ಪದ್ಧತಿ ಯುರೋಪಿನಲ್ಲಿ ರೋಮನ್ ಚಕ್ರವರ್ತಿಗಳ ಕಾಲದಿಂದ ಬಂದದ್ದು. ಎರಡನೆಯ ಶತಮಾನದ ಮಾರ್ಕಸ್ ಅರೇಲಿಯಸನ ವಿಗ್ರಹ ಇಂಥ ಅಶ್ವಾರೂಢ ಪ್ರತಿಮೆಗಳಿಗೆಲ್ಲ ಮೇಲ್ಪಂಕ್ತಿಯಾಯಿತು. ಮೈಸೂರು ಸೀಮೆಗೆ ಈ ಪದ್ಧತಿಯನ್ನು ತಂದುಕೊಟ್ಟದ್ದು ಬೆಂಗಳೂರಿನಲ್ಲಿ 1866ರಲ್ಲಿ ನೆಲೆಗೊಂಡ, ಬ್ರಿಟಿಷ್ ಆಡಳಿತಗಾರ ಮಾರ್ಕ್ ಕಬ್ಬನ್ನನ ಪ್ರತಿಮೆ. ಸವಾರನ ಹೆಸರು ಉದ್ಯಾನಕ್ಕೂ ರಸ್ತೆಗೂ ನಿಂತು ಎಲ್ಲರ ಬಾಯಲ್ಲಿ ಉಳಿದಿದೆ. ಅದನ್ನು ರೂಪಿಸಿದ ಬ್ಯಾರನ್ ಕಾರ್ಲೊ ಮರೊಕೆಟ್ಟಿಯ ಹೆಸರನ್ನು ಕೇಳಿದವರು ವಿರಳ.

ಮರೊಕೆಟ್ಟಿ 1805ರಲ್ಲಿ ಹುಟ್ಟಿದ್ದು ಇಟಲಿಯ ಟ್ಯೂರಿನ್ ನಗರದಲ್ಲಿ, ಬೆಳೆದದ್ದು ಪ್ಯಾರಿಸ್ಸಿನಲ್ಲಿ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ಪನ ಕಾಲದಲ್ಲಿ ಅವನಿಗೆ ದೊಡ್ಡ ದೊಡ್ಡ ಕೆಲಸಗಳು ದಕ್ಕಿದವು. 1848ರ ಕ್ರಾಂತಿಯಲ್ಲಿ ದೊರೆ ಪದಚ್ಯುತನಾದಾಗ ಆಶ್ರಯ ತಪ್ಪಿದ ಶಿಲ್ಪಿ ಲಂಡನ್ನಿಗೆ ವಲಸೆ ಹೋಗಿ, ಆನ್ಸ್ಲೋ ಸ್ಕ್ವೇರಿನ ತನ್ನ ಮನೆಯ ಹಿಂಬದಿಯಲ್ಲೇ ಶಿಲ್ಪಶಾಲೆಯನ್ನೂ ಎರಕದ ಕುಲುಮೆಯನ್ನೂ ಹೂಡಿದ. ಹೊರಗಿನಿಂದ ಬಂದವನ ಪಾಲಿಗೆ ರಾಣಿ ವಿಕ್ಟೋರಿಯಾಳ ಕೃಪೆ ಒದಗಿದ್ದು ಅಲ್ಲಿನ ಶಿಲ್ಪಿಗಳಿಗೆ ಸಹನೆಯಾಗಲಿಲ್ಲ. ಆದರೂ ಬ್ರಿಟಿಷ್ ಪಾರ್ಲಿಮೆಂಟಿನ ಹೊರಗೆ ಕತ್ತಿಯೆತ್ತಿ ನಿಂತ ರಿಚರ್ಡ್ ದೊರೆಯ ಕುದುರೆ ಮರೊಕೆಟ್ಟಿಯದು; ಟ್ರಫಾಲ್ಗರ್ ಚೌಕದ ಹೆಸರಾಂತ ಸಿಂಹಗಳು ಎರಕಗೊಂಡದ್ದು ಅವನ ಕುಲುಮೆಯಲ್ಲೇ; ಕಾನ್ಪುರದ ಸ್ಮಾರಕದ ದೇವದೂತೆಯೂ ಅವನ ಕೈಯ ಕೆಲಸ.

ಅವನ ಪ್ರತಿಭೆಯ ಸ್ವರೂಪ ತಿಳಿಯಬೇಕಾದರೆ 1838ರಲ್ಲಿ ಟ್ಯೂರಿನ್ನಿನಲ್ಲಿ ನಿಂತ ಇಮ್ಮಾನ್ಯುಯೆಲ್ ಫಿಲಿಬರ್ಟನ ಪ್ರತಿಮೆಯನ್ನು ನೋಡಬೇಕು. ಕುದುರೆಯ ಕತ್ತು ಲಗಾಮಿನ ಬಿಗಿಗೆ ಬಾಗಿದೆ. ಸವಾರನ ಕೈ ಕತ್ತಿಯನ್ನು ಹಿರಿಯುತ್ತಿಲ್ಲ, ಒರೆಗೆ ಸೇರಿಸುತ್ತಿದೆ. ಯುದ್ಧ ಮುಗಿದ ಗಳಿಗೆಯನ್ನು ಆರಿಸಿಕೊಂಡು, ಗೆದ್ದವನ ಬಲವನ್ನು ಅವನ ಸಂಯಮದಲ್ಲಿ ತೋರಿಸುವುದು ಅಲ್ಲಿನ ಜಾಣ್ಮೆ. ಕಬ್ಬನ್ನನ ವಿಷಯದಲ್ಲಿ ಶಿಲ್ಪಿಗೆ ಇನ್ನೊಂದು ತೊಡಕಿತ್ತು: 1834ರಿಂದ ಮೈಸೂರಿನ ಕಮಿಷನರ್ ಆಗಿದ್ದ ಆತ 1861ರಲ್ಲಿ ಹುದ್ದೆ ಬಿಟ್ಟು ತಾಯ್ನಾಡಿಗೆ ಹೊರಟು, ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡಿದ್ದ. ಹಾಗಾಗಿ ಎದುರಿಗೆ ಕೂರಿಸಿಕೊಂಡು ಹೋಲಿಕೆ ಹಿಡಿಯುವ ಅವಕಾಶವಿರಲಿಲ್ಲ. ಕಾಣದ ನಾಡಿಗಾಗಿ, ಗತಿಸಿದ ಆಡಳಿತಗಾರನ ರೂಪವನ್ನು ಕಲ್ಪಿಸಬೇಕಿತ್ತು.

ಆ ಆಡಳಿತವನ್ನು ದಿನನಿತ್ಯ ಉಂಡ ಸೀಮೆಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೂ ಸೇರುತ್ತವೆ. ಶಿರಾ 1687ರಿಂದ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿದ್ದ ಊರು. ಉಳಿದ ಮೂರೂ ಬೆಟ್ಟದ ಕೋಟೆಗಳನ್ನು ನೆಮ್ಮಿ ಆಳಿದ ಪಾಳೆಯಗಾರರ, ಎಂದರೆ ದಂಡು ಸಾಕಿಕೊಂಡ ಸ್ಥಳೀಯ ನಾಯಕರ, ನೆಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆರು ಫೌಜುದಾರಿಗಳಲ್ಲಿ, ಎಂದರೆ ಆಡಳಿತ ವಿಭಾಗಗಳಲ್ಲಿ, ಮದ್ದಗಿರಿಯದೂ (ಇಂದಿನ ಮಧುಗಿರಿ) ಒಂದು. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೆ ಆ ಆರನ್ನು ನಾಲ್ಕು ಡಿವಿಷನ್ನುಗಳಾಗಿ ಕೂಡಿಸಿದಾಗ ಈ ಭಾಗ ಚಿತ್ರದುರ್ಗ ಡಿವಿಷನ್ನಿಗೆ ಸೇರಿತು. ಅದರ ಮೇಲಧಿಕಾರಿ ಡಾಬ್ಸ್ ತುಮಕೂರಿನಲ್ಲಿ ನೆಲೆಸಿದ್ದ. ಬೆಂಗಳೂರಿನಿಂದ ಬರುವ ಹೆದ್ದಾರಿಯನ್ನು ಬಿಟ್ಟು ಕೊರಟಗೆರೆ, ಮಧುಗಿರಿಯ ಕಡೆಗೆ ಹೊರಳುವ ಕವಲಿನ ಡಾಬಸ್‌ಪೇಟೆಗೆ ಹೆಸರು ಬಂದದ್ದು ಅವನಿಂದ.

ಕಬ್ಬನ್ನನ ಕಾಲದ ವರದಿಗಳಲ್ಲಿ ಗಮನ ಸೆಳೆಯುವುದು ರದ್ದಾದ ಚಿಲ್ಲರೆ ತೆರಿಗೆಗಳ ಪಟ್ಟಿ. ಅವುಗಳ ಸಂಖ್ಯೆ 769. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ಮತ್ತೆ ತೆರಿಗೆ. ಒಂದು ಹಳ್ಳಿಯವರಂತೂ, ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರೀಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳ ತನಕ ಹಣ ತೆರುತ್ತಿದ್ದರಂತೆ. ಇಂಥ ಪಟ್ಟಿಯನ್ನು ಬರೆದಿಟ್ಟವರು ಹೊಸ ಸರ್ಕಾರದವರೇ, ಹಳಬರ ಅನ್ಯಾಯವನ್ನು ತೋರಿಸುವುದು ಅವರಿಗೆ ಅನುಕೂಲವೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ: ರೈತನ ಪಾಲಿಗೆ ಕುದುರೆಯೆಂದರೆ ಮೇಲೆ ಕುಳಿತವನ ದರ್ಪ, ಕೆಳಗೆ ನಿಂತವನ ಬಾಕಿ. ಪಾಳೆಯಗಾರನ ಕುದುರೆಯ ಸಾಲವನ್ನು ಮನ್ನಾ ಮಾಡಿದ ಸರ್ಕಾರ ತನ್ನ ಹಿರಿಯ ಅಧಿಕಾರಿಯ ನೆನಪಿಗೆ ಕುದುರೆಯನ್ನೇ ನಿಲ್ಲಿಸಿತು. ಸವಾರ ಬದಲಾದರೂ ಅಧಿಕಾರದ ಭಾಷೆ ಬದಲಾಗಲಿಲ್ಲ.

ಇದೇ ಸೀಮೆಯ ಗುಡಿಗಳಲ್ಲಿ ಲೋಹದ ಮೂರ್ತಿಗೆ ಬೇರೆಯದೇ ಬಾಳಿದೆ. ಗರ್ಭಗುಡಿಯ ಮೂಲವಿಗ್ರಹ ಕಲ್ಲಿನದಾದರೆ, ಬೀದಿಗೆ ಬರುವ ಉತ್ಸವಮೂರ್ತಿ ಪಂಚಲೋಹದ್ದು. ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ನುಣುಪಾದ ಮಣ್ಣು ಮೆತ್ತಿ, ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ತೆರವಾದ ಪೊಳ್ಳಿಗೆ ಲೋಹ ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆದು ಮೂರ್ತಿಯನ್ನು ತೆಗೆಯುತ್ತಾರೆ. ಅಚ್ಚು ಉಳಿಯದ್ದರಿಂದ ಒಂದರಂತೆ ಇನ್ನೊಂದು ಬರುವುದಿಲ್ಲ. ಇಲ್ಲಿಯೂ ಶಿಲ್ಪಿಯ ಹೆಸರು ಉಳಿಯುವುದು ಅಪರೂಪ. ಆದರೆ ವೈಷ್ಣವ ಗುಡಿಗಳ ಉತ್ಸವದಲ್ಲಿ ದೇವರು ಕುದುರೆ ವಾಹನವೇರಿದಾಗ ಆ ಕುದುರೆಯನ್ನು ಹೊರುವುದು ಜನರ ಹೆಗಲು; ಅದು ಎತ್ತರದ ಪೀಠದಿಂದ ನೋಡುವುದಿಲ್ಲ, ಬೀದಿ ಬೀದಿಗೆ, ಮನೆಬಾಗಿಲ ಆರತಿಗೆ ಬರುತ್ತದೆ.

ಮರೊಕೆಟ್ಟಿಗೆ ಮೂರು ದೇಶಗಳ ದೊರೆತನಗಳು ಕೆಲಸ ಕೊಟ್ಟವು. ಯಾವುದರ ಜಗಳವೂ ಅವನದಾಗಿರಲಿಲ್ಲ. ವಲಸೆಗಾರನಿಗೆ ಅನ್ನ ಕೊಟ್ಟದ್ದು ಯಾರನ್ನು ಬೇಕಾದರೂ ಘನತೆಯಿಂದ ಕುದುರೆ ಹತ್ತಿಸಬಲ್ಲ ಕೌಶಲ. ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಮುಂದೆ ಬಹುಕಾಲ ನಿಂತಿದ್ದ ಪ್ರತಿಮೆ 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡದ್ದು ಈ ದೃಷ್ಟಿಯಿಂದ ನಷ್ಟವಲ್ಲ. ನ್ಯಾಯ ಕೇಳಲು ಬಂದವರೆದುರು ನಿಂತಿದ್ದಾಗ ಅದು ಸರ್ಕಾರದ ಮುದ್ರೆಯಂತಿತ್ತು. ಮರಗಳ ನಡುವೆ ಅದನ್ನು ಶಿಲ್ಪವಾಗಿ ನೋಡಬಹುದು, ಶಿಲ್ಪಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬಹುದು. ಆಡಳಿತಗಾರನ ಒಳಿತುಕೆಡುಕಿನ ಲೆಕ್ಕವನ್ನು ಮಾತ್ರ ಆ ಕಂಚಿನಿಂದ ತೆಗೆಯಲಾಗದು. ಅದಕ್ಕೆ ಮಧುಗಿರಿ, ಪಾವಗಡಗಳಂಥ ಸೀಮೆಯ ಕಂದಾಯದ ಕಡತಗಳನ್ನೂ ರಸ್ತೆಗಳನ್ನೂ ಊರ ಹೆಸರುಗಳನ್ನೂ ಓದಬೇಕಾಗುತ್ತದೆ.