ಒಟ್ಟಿಗೆ ಓದಿದರೆ ಸಾಲದು, ಒಟ್ಟಿಗೆ ತಾಲೀಮೂ ಬೇಕು

ಮೂರೂ ಸೇನಾಪಡೆಗಳನ್ನು ಜಂಟಿ ಥಿಯೇಟರ್ ಕಮಾಂಡ್‌ಗಳ ಅಡಿ ತರುವ ಚರ್ಚೆ ಮುಗಿಯುವ ಹಾಗೆ ಕಾಣುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಮಹೂನಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವಸರ ಬೇಡವೆಂದು ಬಹಿರಂಗವಾಗಿಯೇ ಹೇಳಿದರು. ಅಧಿಕಾರ ಯಾರ ಕೈಗೆ ಎಂಬುದೇ ದೊಡ್ಡ ಸುದ್ದಿ. ಖರಾಡಿಯ ಐಟಿ ಪಾರ್ಕಿನಲ್ಲಿ ಐದಾರು ತಂಡಗಳು ಸೇರಿ ಒಂದು ರಿಲೀಸ್ ಮುಗಿಸುವುದನ್ನು ನೋಡುತ್ತಲೇ ಇರುವ ನನಗೆ ಬೇರೆಯದೇ ಪ್ರಶ್ನೆ: ಇವರೆಲ್ಲ ಒಟ್ಟಿಗೆ ಅಭ್ಯಾಸ ಮಾಡುವುದು ಯಾವಾಗ? ನಮ್ಮಲ್ಲೂ ಪ್ರತಿ ತಂಡದ ಪಾಲು ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ಒಬ್ಬರ ಕೆಲಸ ಇನ್ನೊಬ್ಬರ ಕೈಸೇರುವ ಜಾಗದಲ್ಲಿ.

ಪುಣೆಯ ಇನ್ನೊಂದು ತುದಿಯಲ್ಲಿ, ಖಡಕ್‌ವಾಸ್ಲಾದ ಎನ್‌ಡಿಎ ಇದೆ. ಮೂರೂ ಪಡೆಗಳ ಕೆಡೆಟ್‌ಗಳು 1955ರಿಂದ ಅಲ್ಲಿ ಮೂರು ವರ್ಷ ಒಟ್ಟಿಗೆ ಬೆಳೆಯುತ್ತಾರೆ. ಆ ನಂಟು ಕೊನೆತನಕ ಉಳಿಯುತ್ತದೆ, ನಿಜ. ಆಮೇಲೆ ಮಾತ್ರ ಡೆಹ್ರಾಡೂನ್, ಎಳಿಮಲ, ದುಂಡಿಗಲ್ ಎಂದು ದಾರಿ ಬೇರೆ.

ಕಾರ್ಗಿಲ್ ನೆನಪಿಸಿಕೊಳ್ಳಿ. 1999ರ ಮೇ ಮೊದಲ ವಾರ ನುಸುಳುಕೋರರ ಸುಳಿವು ಸಿಕ್ಕಿತು. ಭೂಸೇನೆ ಸಶಸ್ತ್ರ ಹೆಲಿಕಾಪ್ಟರ್ ಕೇಳಿತು. ಅಷ್ಟು ಎತ್ತರದಲ್ಲಿ ಅವು ಸುಲಭದ ಗುರಿ, ಸರ್ಕಾರದ ಒಪ್ಪಿಗೆಯೂ ಬೇಕು ಎಂದಿತು ವಾಯುಪಡೆ. ವಾಯುದಾಳಿ ಶುರುವಾದದ್ದು ಮೇ 26ಕ್ಕೆ. ಮೂರೇ ದಿನದಲ್ಲಿ ಎರಡು ಮಿಗ್, ಒಂದು ಎಂಐ-17 ಕಳೆದುಕೊಂಡೆವು. ಆಗಿನ ಮುಖ್ಯಸ್ಥರಾದ ವಿ.ಪಿ. ಮಲಿಕ್, ಎ.ವೈ. ಟಿಪ್ನಿಸ್ ಇಬ್ಬರೂ ಖಡಕ್‌ವಾಸ್ಲಾದಲ್ಲಿ ಕಲಿತವರೇ! ಗೆಳೆತನಕ್ಕೇನೂ ಕೊರತೆಯಿರಲಿಲ್ಲ. ಆ ಎತ್ತರದ ಯುದ್ಧಕ್ಕೆ ಇಬ್ಬರೂ ಸೇರಿ ತಯಾರಾಗಿರಲಿಲ್ಲ, ಅಷ್ಟೇ.

2023ರ ಅಂತರ ಸೇವಾ ಸಂಸ್ಥೆಗಳ ಕಾಯ್ದೆ ಜಂಟಿ ಕಮಾಂಡರ್‌ಗೆ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತುಕ್ರಮದ ಅಧಿಕಾರ ಕೊಟ್ಟಿದೆ. ಒಳ್ಳೆಯದೇ. ಆದರೆ ಆಪರೇಷನ್ ಸಿಂಧೂರದ ರಾತ್ರಿಗಳಲ್ಲಿ ಡ್ರೋನ್‌ಗಳನ್ನು ತಡೆಯಲು ನೆರವಾದದ್ದು ಭೂಸೇನೆಯ 'ಆಕಾಶ್‌ತೀರ್' ವಾಯುಪಡೆಯ ಜಾಲಕ್ಕೆ ಮೊದಲೇ ಜೋಡಣೆಯಾಗಿದ್ದದ್ದು. ಕಂಡವರು ಯಾರು, ಹೊಡೆಯಬೇಕಾದವರು ಯಾರು, ಆಕಾಶದಲ್ಲಿ ನಮ್ಮ ವಿಮಾನ ಇದೆಯೇ? ಇದನ್ನು ಸೆಕೆಂಡುಗಳಲ್ಲಿ ಹೇಳಬೇಕಾದವರು ಜನರಲ್‌ಗಳಲ್ಲ, ಪರದೆಯ ಮುಂದೆ ಕೂತ ಹವಾಲ್ದಾರರು, ಸಾರ್ಜೆಂಟರು.

ಅವರ ಕಲಿಕೆ ಶುರುವಾಗುವುದೇ ಬೇರೆಬೇರೆ ಕಡೆ. ಊರಿಗೆ ಹೋಗುವಾಗ ನಮಗೆಲ್ಲ ಸಿಗುವ ಬೆಳಗಾವಿಯನ್ನೇ ನೋಡಿ. ಊರೊಳಗೆ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ. ಎರಡೂ ಕಡೆ ಅಗ್ನಿವೀರರು. ಥಿಯೇಟರ್ ಕಮಾಂಡ್ ಬರುವವರೆಗೆ ಕಾಯದೆ ಈ ಎರಡರ ನಡುವೆ ಒಂದು ವಾರದ ಜಂಟಿ ತಾಲೀಮು ಇಡಬಹುದಲ್ಲ? ನಡುವಿನ ದೂರ ಹತ್ತು ಕಿಲೋಮೀಟರಿನ ಆಸುಪಾಸು.