ಗಲ್ಫ್‌ನಲ್ಲಿ ಮೊದಲ ಫ್ಲ್ಯಾಟ್: ಸಹಿಗೆ ಮುನ್ನ ಲೆಕ್ಕ

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ದುಡಿಯಲು ಹೋದವರ ಉಳಿತಾಯ ಹಿಂದೆ ಊರಿನ ಮನೆಗೆ ಹೋಗುತ್ತಿತ್ತು. ಈಗ ದುಬೈ, ಅಬುಧಾಬಿಯಲ್ಲೇ ಫ್ಲ್ಯಾಟ್ ಕೊಳ್ಳುವ ಆಸೆ ಹಲವರಿಗಿದೆ. ಆಸೆ ತಪ್ಪಲ್ಲ, ಅವಸರ ಸಲ್ಲದು.

ದುಬೈ 2002ರಲ್ಲಿ ನಿಗದಿತ ಪ್ರದೇಶಗಳಲ್ಲಿ ವಿದೇಶಿಯರಿಗೂ ಮನೆ ಕೊಳ್ಳಲು ಅವಕಾಶ ನೀಡಿತು. 2008ರ ಆರ್ಥಿಕ ಕುಸಿತದಲ್ಲಿ ಬೆಲೆ ನೆಲಕಚ್ಚಿ, ಎಷ್ಟೋ ಕಟ್ಟಡಗಳು ಅರ್ಧಕ್ಕೇ ನಿಂತವು. ಆ ಪಾಠ ಮರೆಯಬಾರದು.

ನಿರ್ಮಾಣ ಹಂತದ ಫ್ಲ್ಯಾಟಿಗೆ ಕೊಡುವ ಹಣ ಆ ಯೋಜನೆಗೆಂದೇ ತೆರೆದ ಎಸ್ಕ್ರೊ ಬ್ಯಾಂಕ್ ಖಾತೆಗೆ ಹೋಗಬೇಕೆಂದು ದುಬೈಯ 2007ರ 8ನೇ ಕಾನೂನು ಹೇಳುತ್ತದೆ. ಆದ್ದರಿಂದ ಏಜೆಂಟರ ಕೈಗೆ ಕಂತಿನ ಹಣ ಕೊಡಬೇಡಿ. ಯೋಜನೆಯೂ ಏಜೆಂಟರೂ ನೋಂದಣಿಯಾಗಿರುವುದನ್ನು ದುಬೈ ಭೂ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ.

ಫ್ಲ್ಯಾಟಿನ ಬೆಲೆಯೊಂದಿಗೇ ಖರ್ಚು ಮುಗಿಯುವುದಿಲ್ಲ. ನೋಂದಣಿ ಶುಲ್ಕ ದುಬೈಯಲ್ಲಿ ಶೇ. 4, ಅಬುಧಾಬಿಯಲ್ಲಿ ಶೇ. 2. ಏಜೆಂಟರ ಕಮಿಷನ್, ಪ್ರತಿವರ್ಷದ ನಿರ್ವಹಣಾ ಶುಲ್ಕ ಬೇರೆ. ಬಾಡಿಗೆ ಕೊಟ್ಟರೂ ಎಲ್ಲ ತಿಂಗಳು ಬಾಡಿಗೆದಾರರು ಇರುತ್ತಾರೆಂಬ ಖಾತ್ರಿಯಿಲ್ಲ. ಇವೆಲ್ಲ ಕಳೆದು ಉಳಿದದ್ದೇ ನಿಜವಾದ ಆದಾಯ.

ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಹೋದರೂ ಕಂತು ನಿಲ್ಲುವುದಿಲ್ಲ. ಕನಿಷ್ಠ ಆರು ತಿಂಗಳ ಕಂತು ಮತ್ತು ಮನೆಖರ್ಚಿನ ಹಣ ಬೇರೆ ಎತ್ತಿಟ್ಟ ಮೇಲೆಯೇ ಸಹಿ ಹಾಕಲಿ. ಊರಿನಲ್ಲಿರುವವರು ಒಪ್ಪಂದ, ರಸೀದಿಗಳ ಪ್ರತಿ ತರಿಸಿ ಜೋಪಾನವಾಗಿಡಿ. ಲಾಭ ಎಷ್ಟೆಂದು ಎಣಿಸುವ ಮೊದಲು, ಸಂಬಳ ನಿಂತರೆ ಎಷ್ಟು ತಿಂಗಳು ಕಟ್ಟಬಲ್ಲೆವು ಎಂದು ಮನೆಮಂದಿಯೆಲ್ಲ ಸೇರಿ ಲೆಕ್ಕ ಹಾಕುವುದು ಒಳಿತು.